ತೆಂಗಿನ ತಲೆಗೆ ಬಂದು ನಿಲ್ಲುವ ಹೊಗೆ

ಬಾರ್ಕೂರಿನ ಪಕ್ಕ, ಸೀತಾ ಹೊಳೆಯ ದಂಡೆಗಿರುವ ಬಯಲು. ನರಕ ಚತುರ್ದಶಿಯ ಬೆಳಗು, ಸೂರ್ಯ ಇನ್ನೂ ಹುಟ್ಟಿಲ್ಲ. ಹಿಂದಿನ ಸಂಜೆ ಹಂಡೆ ತಿಕ್ಕಿ ನೀರು ತುಂಬಿಸಿಟ್ಟ ಮನೆಗಳಲ್ಲೆಲ್ಲ ಬಚ್ಚಲ ಒಲೆ ಒಟ್ಟಿಗೇ ಹೊತ್ತಿಕೊಂಡಿದೆ. ವರ್ಷವಿಡೀ ಗೀಸರ್, ಸೋಲಾರ್ ಎಂದುಕೊಂಡಿದ್ದವರೂ ಇವತ್ತು ಮಡಲು, ಕರಟ, ತೆಂಗಿನ ಸಿಪ್ಪೆ ಒಟ್ಟುಮಾಡಿ ಬೆಂಕಿ ಹಾಕುತ್ತಾರೆ. ಹೊಗೆ ನೋಡುವುದಕ್ಕೆಂದೇ ಹೊರಟವನಿಗೆ ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ದಿನ ಸಿಗದು.

ಹೆಂಚಿನ ಸಂದಿಗಳಿಂದ ನುಸುಳಿದ ಹೊಗೆ ಮಾಡಿನ ಮೇಲೆ ಒಂದಾಗಿ ನೆಟ್ಟಗೆ ಏರುತ್ತದೆ. ಏರುತ್ತ ಅಗಲವಾಗುತ್ತದೆ. ತೆಂಗಿನ ತಲೆಯ ಮಟ್ಟ ದಾಟಿ ತುಸು ಮೇಲೆ ಹೋದದ್ದು ಅಲ್ಲಿಂದ ಹಿಂದಕ್ಕೆ ಕುಸಿದು, ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಪಕ್ಕದ ಮನೆಯದೂ ಅದೇ ಮಟ್ಟಕ್ಕೆ ಬಂದು ನಿಂತಿದೆ, ಹೊಳೆಯಾಚೆಯದೂ ಅಷ್ಟೇ. ಯಾರೋ ನೂಲು ಹಿಡಿದು ಅಳೆದ ಹಾಗೆ ಇಡೀ ಬಯಲಿನ ಮೇಲೆ ಒಂದೇ ಎತ್ತರದಲ್ಲಿ ನೀಲಿ ಪದರ.

"ಎಂತ ಕಾಂತ್ರಿ?" ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಹೆಂಗಸು ಕೇಳಿದರು. ಹೊಗೆ ಎಂದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹೊಗಿ ಹೀಂಗ್ ಅಡ್ಡ ಮನಿಕಂಡ್ರೆ ಇವತ್ತ್ ಮಳಿ ಇಲ್ಲ, ಕಾಣಿ" ಎಂದು ಮತ್ತೆ ರಂಗೋಲಿಗೆ ಬಗ್ಗಿದರು.

ಮಾತಿನಲ್ಲಿ ಹುರುಳಿದೆ. ರಾತ್ರಿ ಮೋಡವಿಲ್ಲದಿದ್ದರೆ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಉಳಿಯುತ್ತದೆ, ಬೆಚ್ಚಗಿನ ಗಾಳಿ ಅದರ ಮೇಲೆ ಕೂರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗಬೇಕಾದ ಹಗಲಿನ ಕ್ರಮ ಬೆಳಗಿನ ಜಾವಕ್ಕೆ ತಲೆಕೆಳಗಾಗಿರುತ್ತದೆ. ಹೊಗೆ ಮಲಗಿದೆ ಎಂದರೆ ರಾತ್ರಿ ಆಕಾಶ ತಿಳಿಯಾಗಿತ್ತು ಎಂದರ್ಥ, ತಿಳಿ ಆಕಾಶಕ್ಕೆ ಕೂಡಲೇ ಮಳೆಯ ಅವಸರವಿರುವುದಿಲ್ಲ.

ಆದರೆ ಹೊಗೆ ಬಿಸಿಯಲ್ಲವೇ, ಆ ಬೆಚ್ಚಗಿನ ಪದರವನ್ನು ಯಾಕೆ ತೂರಿಕೊಂಡು ಹೋಗುವುದಿಲ್ಲ? ನನ್ನ ತಿರುಗಾಟದ ಪ್ರಶ್ನೆ ಇದೇ. ಉತ್ತರ ಒಲೆಯಲ್ಲಿಲ್ಲ, ಹೊಗೆಯ ಅಂಚಿನಲ್ಲಿದೆ. ಅಲ್ಲಿ ಕಣ್ಣಿಟ್ಟು ನೋಡಿದರೆ ಸುಳಿಗಳು ಕಾಣುತ್ತವೆ. ಒಂದೊಂದು ಸುಳಿಯೂ ಹೊರಗಿನ ತಣ್ಣನೆಯ ಗಾಳಿಯ ಒಂದು ತುಂಡನ್ನು ಸುತ್ತಿ ಒಳಕ್ಕೆ ಎಳೆದುಕೊಳ್ಳುತ್ತದೆ, ಕಲಸುತ್ತದೆ, ಮತ್ತೊಂದಕ್ಕೆ ಕೈ ಹಾಕುತ್ತದೆ. ಬಿಸಿಯಾಗಿ ಹಗುರಾದದ್ದು ಹೀಗೆ ಸುಳಿಸುಳಿಯಾಗಿ ಏರುವ ಕಂಬಕ್ಕೆ ವಿಜ್ಞಾನಿಗಳು ಪ್ಲೂಮ್ ಎನ್ನುತ್ತಾರೆ. ಅದರ ಪೂರ್ತಿ ಚರಿತ್ರೆ ನಿರ್ಧಾರವಾಗುವುದು ಈ ಒಳಸೆಳೆತದಿಂದ.

1956ರಲ್ಲಿ ಬ್ರೂಸ್ ಮಾರ್ಟನ್, ಜೆಫ್ರಿ ಟೇಲರ್, ಸ್ಟೀವರ್ಟ್ ಟರ್ನರ್ ಎಂಬ ಮೂವರು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದರ ಲೆಕ್ಕ ಪ್ರಕಟಿಸಿದರು. ಮೂವರಲ್ಲಿ ಹಿರಿಯರಾದ ಟೇಲರ್ 1945ರಲ್ಲೇ, ಅಣುಬಾಂಬಿನ ಕೆಲಸದ ಭಾಗವಾಗಿ, ಬಿಸಿ ಅನಿಲದ ಮುದ್ದೆ ಗಾಳಿಯಲ್ಲಿ ಹೇಗೆ ಏರುತ್ತದೆಂದು ಬರೆದಿದ್ದವರು. ಈ ಲೆಕ್ಕದ ಹಿಂದಿನ ಊಹೆ ತೀರ ಸರಳ: ಹೊಗೆ ಎಷ್ಟು ವೇಗವಾಗಿ ಏರುತ್ತಿದೆಯೋ ಅದರ ಸುಮಾರು ಹತ್ತನೇ ಒಂದು ಪಾಲು ವೇಗದಲ್ಲಿ ಸುತ್ತಲ ಗಾಳಿ ಬದಿಯಿಂದ ಒಳಗೆ ನುಗ್ಗುತ್ತದೆ. ಒಂದೊಂದು ಸುಳಿಯ ಜಾತಕ ಬರೆಯುವ ಗೋಜಿಗೆ ಹೋಗದೆ ಇಷ್ಟನ್ನೇ ಒಪ್ಪಿಕೊಂಡರೆ ಉಳಿದದ್ದೆಲ್ಲ ಕಾಗದದ ಮೇಲೆ ಬಂದುಬಿಡುತ್ತದೆ. ಈ ವಿಷಯದಲ್ಲಿ ಇಷ್ಟು ಕಡಿಮೆ ಬಂಡವಾಳದಿಂದ ಇಷ್ಟು ಲಾಭ ತೆಗೆದ ಊಹೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಲೆಕ್ಕ ಹೇಳುವುದು ಇದು. ನಿಶ್ಚಲ ಗಾಳಿಯಲ್ಲಿ ಹೊಗೆ ಅಗಲಿಸುವ ಕೋನ ಬೆಂಕಿಯ ಗಾತ್ರವನ್ನು ಅವಲಂಬಿಸಿಲ್ಲ. ಬಚ್ಚಲ ಒಲೆಯಾಗಲಿ ಕಾಡ್ಗಿಚ್ಚಾಗಲಿ, ಪ್ರತಿ 10 ಮೀಟರ್ ಏರಿಕೆಗೆ ನಡುವಿನಿಂದ ಅಂಚಿನ ದೂರ ಸುಮಾರು ಒಂದೂವರೆ ಮೀಟರ್ ಹೆಚ್ಚುತ್ತದೆ. ಎತ್ತರ ಎರಡು ಪಟ್ಟಾದರೆ ಅದರಲ್ಲಿ ಹರಿಯುವ ಗಾಳಿಯ ಪ್ರಮಾಣ ಮೂರು ಪಟ್ಟಿಗೂ ಮಿಗಿಲು, ಹತ್ತು ಪಟ್ಟಾದರೆ 46 ಪಟ್ಟು. ಬಿಸಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಹೊಗೆಯೊಡನೆ 5 ಕಿಲೋವ್ಯಾಟ್ ಶಾಖ ಹೊರಬಿಡುವ ಒಲೆಯೊಂದನ್ನು ತೆಗೆದುಕೊಂಡರೆ, 20 ಮೀಟರ್ ಮೇಲೆ ಆ ಹೊಗೆ ಸುತ್ತಲ ಗಾಳಿಗಿಂತ ಅರ್ಧ ಡಿಗ್ರಿಯಷ್ಟೂ ಹೆಚ್ಚು ಬಿಸಿ ಇರುವುದಿಲ್ಲ. ತೆಂಗಿನ ತಲೆಯ ಹತ್ತಿರ ನಾವು ಹೊಗೆ ಎಂದು ತೋರಿಸುವುದರಲ್ಲಿ ಒಲೆಯಿಂದ ಬಂದದ್ದು ನೂರಕ್ಕೊಂದು ಪಾಲೂ ಇಲ್ಲ. ಉಳಿದದ್ದೆಲ್ಲ ಅಂಗಳದ ಗಾಳಿ, ಗದ್ದೆಯ ಗಾಳಿ, ನೆರೆಮನೆಯ ಗಾಳಿ.

ಮೇಲಿನ ಬೆಚ್ಚಗಿನ ಪದರದ ಎದುರು ಅದು ಸೋಲುವುದು ಹೀಗೆ. ನೂರು ಮೀಟರ್ ಏರುವಷ್ಟರಲ್ಲಿ ಗಾಳಿ 5 ಡಿಗ್ರಿ ಬೆಚ್ಚಗಾಗುವ ಬೆಳಗೆಂದು ಇಟ್ಟುಕೊಂಡು ಅದೇ ಒಲೆಗೆ ಲೆಕ್ಕ ಹಾಕಿದರೆ ಹೊಗೆ ನಿಲ್ಲುವ ಎತ್ತರ 24 ಮೀಟರ್ ಬರುತ್ತದೆ. ಬಯಲಿನ ಎತ್ತರದ ತೆಂಗಿನ ಮರವೂ ಹೆಚ್ಚುಕಡಿಮೆ ಅಷ್ಟೇ. ಮರಕ್ಕೂ ಹೊಗೆಗೂ ಸಂಬಂಧವಿಲ್ಲ, ಬರೀ ಕಾಕತಾಳೀಯ. ಆದರೂ ಕಣ್ಣಳತೆಗೆ ಮರ ಅನುಕೂಲ. ಎಲ್ಲ ಮನೆಯ ಹೊಗೆಯೂ ಒಂದೇ ಮಟ್ಟದಲ್ಲಿ ನಿಲ್ಲುವುದಕ್ಕೂ ಕಾರಣ ಇಲ್ಲೇ ಇದೆ. ಎತ್ತರ ಎರಡು ಪಟ್ಟಾಗಬೇಕಾದರೆ ಬೆಂಕಿ ಹದಿನಾರು ಪಟ್ಟಾಗಬೇಕು. ಒಬ್ಬರು ನಾಲ್ಕು ಮಡಲು ಹೆಚ್ಚು ಹಾಕಿದರೂ ಮೇಲೆ ಕಾಣುವ ವ್ಯತ್ಯಾಸ ಅಲ್ಪ.

ಹದಿನಾರು ಪಟ್ಟನ್ನೂ ಮೀರಿದ ಬೆಂಕಿ ನೋಡಬೇಕೆಂದರೆ ಬ್ರಹ್ಮಾವರ, ಕೋಟ ಕಡೆಯ ಅಕ್ಕಿ ಮಿಲ್ಲುಗಳಿಗೆ ಬರಬೇಕು. ಕೊಯ್ಲು ಮುಗಿದ ಹೊತ್ತು, ಭತ್ತ ಲಾರಿಯಲ್ಲಿ ಬರುತ್ತಿದೆ. ಕುಚ್ಚಲಕ್ಕಿಗೆ ಭತ್ತ ಬೇಯಬೇಕು, ಬೇಯಿಸಲು ಹಬೆ ಬೇಕು, ಹಬೆಗೆ ಬಾಯ್ಲರ್, ಬಾಯ್ಲರಿಗೆ ಅದೇ ಭತ್ತದ ಉಮಿ. ಚಿಮಣಿಯ ಮೂಲಕ ಒಂದು ಮೆಗಾವ್ಯಾಟಿನಷ್ಟು ಶಾಖ ಹೋಗುತ್ತಿದೆ ಎಂದುಕೊಂಡರೆ ಅದು ನಮ್ಮ ಬಚ್ಚಲ ಒಲೆಯ ಇನ್ನೂರು ಪಟ್ಟು. ಏರಿಕೆ ಮಾತ್ರ ನಾಲ್ಕು ಪಟ್ಟೂ ಆಗುವುದಿಲ್ಲ, ಸುಮಾರು 90 ಮೀಟರ್. ಹೆದ್ದಾರಿಯಲ್ಲಿ ನಿಂತು ನೋಡಿದಾಗ ಎರಡು ಮಹಡಿ ಸ್ಪಷ್ಟ: ಮನೆಗಳ ಹೊಗೆಯದು ಕೆಳಗೆ, ಮಿಲ್ಲಿನದು ಮೇಲೆ. ನಡುವೆ ತಿಳಿಯಾದ ಗಾಳಿ.

ಎಂಟು ಗಂಟೆ ದಾಟುತ್ತಿದ್ದಂತೆ ಈ ವ್ಯವಸ್ಥೆ ಕೆಡುತ್ತದೆ. ಬಿಸಿಲಿಗೆ ನೆಲ ಕಾದು, ಕೆಳಗಿನಿಂದ ಗಾಳಿ ಕದಡತೊಡಗುತ್ತದೆ. ಕದಡುವಿಕೆ ಮೇಲಿನ ಪದರವನ್ನು ಮುಟ್ಟಿದ್ದೇ ಅಲ್ಲಿ ಶೇಖರವಾಗಿದ್ದ ಹೊಗೆಯೆಲ್ಲ ಒಮ್ಮೆಗೇ ನೆಲಕ್ಕೆ ಬರುತ್ತದೆ. ಬೆಳಗಿನ ಜಾವ ಏನೂ ವಾಸನೆ ಇಲ್ಲದೆ, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಸುಟ್ಟ ವಾಸನೆ ಬರುತ್ತದಲ್ಲ, ಆಗ ಯಾರೂ ಹೊಸದಾಗಿ ಬೆಂಕಿ ಹಾಕಿರಲೇಬೇಕೆಂದಿಲ್ಲ. ಎರಡು ಗಂಟೆ ಹಿಂದಿನ ಹೊಗೆ ಕೆಳಗಿಳಿದಿರುತ್ತದೆ.

ಕುಂದಾಪುರದ ಸುತ್ತಮುತ್ತ ಹಳೆಯ ಹೆಂಚಿನ ಕಾರ್ಖಾನೆಗಳ ಇಟ್ಟಿಗೆ ಚಿಮಣಿಗಳಿವೆ. ಹೊಳೆಬದಿಯ ಗದ್ದೆಗಳ ಜೇಡಿಮಣ್ಣು ಈ ಉದ್ಯಮವನ್ನು ಇಲ್ಲಿಗೆ ಎಳೆಯಿತು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ, 1886ರಲ್ಲಿ ಮಲ್ಪೆಯಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಉದ್ದಕ್ಕೂ ಈ ಕೆಂಪು ಚಿಮಣಿಗಳು ಎದ್ದವು. ಈಗ ಹಲವು ತಣ್ಣಗಿವೆ. ಅಶ್ವತ್ಥದ ಸಸಿ ಬೇರುಬಿಟ್ಟ ಒಂದರ ಬುಡದಲ್ಲಿ ನಿಂತರೆ ಚಿಮಣಿಯ ಮರ್ಮ ಹೊಳೆಯುತ್ತದೆ. ಅದು ಹೊಗೆಗೆ ಸುತ್ತಲ ಗಾಳಿ ಸಿಗದಂತೆ ಕಟ್ಟಿದ ಗೋಡೆ. ಒಳಗೆ ಒಳಸೆಳೆತವಿಲ್ಲ, ಆದ್ದರಿಂದ ಹೊಗೆ ಹೆಚ್ಚುಕಡಿಮೆ ಬುಡದಲ್ಲಿದ್ದಷ್ಟೇ ಬಿಸಿಯಾಗಿ, ಹಗುರಾಗಿ ತುದಿ ತಲುಪುತ್ತದೆ. ಒಳಗೆ 200 ಡಿಗ್ರಿಯ ಹೊಗೆ ತುಂಬಿದ 30 ಮೀಟರ್ ಚಿಮಣಿ ತನ್ನ ಬುಡದಲ್ಲಿ ಸುಮಾರು 12 ಮಿಲಿಮೀಟರ್ ನೀರಿನ ಕಂಬದಷ್ಟು ಸೆಳೆತ ಉಂಟುಮಾಡುತ್ತದೆ. ಕೇಳಲು ಅಲ್ಪ, ಭಟ್ಟಿಯ ಬೆಂಕಿಗೆ ಫ್ಯಾನಿಲ್ಲದೆ ಗಾಳಿ ಒದಗಿಸಲು ಸಾಕು. ಸುಳಿಗಳ ದರೋಡೆ ಶುರುವಾಗುವುದು ತುದಿ ದಾಟಿದ ಮೇಲೆ.

ಇಲ್ಲಿಂದ ಕೋಡಿ ಹತ್ತಿರ. ಅಲೆ ತಡೆಯಲು ಕಲ್ಲು ಹಾಕಿ ಕಟ್ಟಿದ ದಿಬ್ಬದ ಮೇಲಿನ ಸೀ ವಾಕಿನಲ್ಲಿ ಸಂಜೆ ಜನಜಂಗುಳಿ, ಬೆಳಗ್ಗೆ ಗಾಳ ಹಾಕುವವರು ಬಿಟ್ಟರೆ ಯಾರೂ ಇಲ್ಲ. ಎಡಕ್ಕೆ ತೆರೆದ ಕಡಲು, ಬಲಕ್ಕೆ ಅಳಿವೆ, ಅಳಿವೆಯ ಆಚೆ ಗಂಗೊಳ್ಳಿ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಸಮುದ್ರ ಸೇರುವ ಜಾಗ ಇದು. ಹಿಂದಿನ ವಾರ ಘಟ್ಟದಲ್ಲಿ ಮಳೆಯಾಗಿದೆ, ಇಳಿತದ ಹೊತ್ತು, ಹೊಳೆ ಜೋರಾಗಿ ಹೊರಗೆ ಹೋಗುತ್ತಿದೆ. ಕಲ್ಲಿನ ತುದಿಯಿಂದ ನೋಡಿದರೆ ಕಂದು ನೀರು ಬೀಸಣಿಗೆಯ ಆಕಾರದಲ್ಲಿ ಬಿಚ್ಚಿಕೊಂಡಿದೆ. ಅದರ ಗಡಿಯಲ್ಲಿ ನೊರೆಯ ಗೆರೆ, ಗೆರೆಯುದ್ದಕ್ಕೂ ಎಲೆ, ಸಿಪ್ಪೆ, ಪ್ಲಾಸ್ಟಿಕ್ ಬಾಟಲಿ. ಗೆರೆಯಾಚೆ ಹಸಿರು.

ಇದೂ ಪ್ಲೂಮ್. ಇಲ್ಲಿ ಹಗುರಾಗಿಸಿದ್ದು ಬಿಸಿಯಲ್ಲ, ಉಪ್ಪಿಲ್ಲದಿರುವುದು. ಕಡಲ ನೀರು ಲೀಟರಿಗೆ ಸುಮಾರು 25 ಗ್ರಾಂ ಹೆಚ್ಚು ತೂಗುತ್ತದೆ, ಅಂದರೆ ವ್ಯತ್ಯಾಸ ಶೇಕಡಾ ಎರಡೂವರೆ. ಗಾಳಿಯಲ್ಲಿ ಇಷ್ಟು ವ್ಯತ್ಯಾಸ ಬರಲು 8 ಡಿಗ್ರಿ ಬಿಸಿ ಸಾಕು. ಹೊಳೆಯ ನೀರಿಗೆ ಮೇಲೆ ಹೋಗಲು ಜಾಗವಿಲ್ಲದ್ದರಿಂದ ಕಡಲ ಬೆನ್ನಿನ ಮೇಲೆ ತೆಳ್ಳಗೆ ಹರಡುತ್ತದೆ. ಮುಂದೆ ನುಗ್ಗುವ ಸಿಹಿನೀರಿನ ಅಂಚಿನಲ್ಲಿ ಕಡಲ ನೀರು ಕೆಳಗೆ ಮುಳುಗುತ್ತದೆ. ಮುಳುಗಲಾರದ ಕಸವೆಲ್ಲ ಗೆರೆಯಾಗಿ ಉಳಿಯುತ್ತದೆ.

ಗಾಳ ಹಾಕಿ ಕೂತಿದ್ದ ಹಿರಿಯರೊಬ್ಬರಿಗೆ ಆ ಗೆರೆಯ ಬಗ್ಗೆ ಕೇಳಿದೆ. "ಹೊಳಿ ನೀರ್ ಮೇಲೆ, ಕಡ್ಲ್ ನೀರ್ ಅಡಿಗೆ. ಗೆರಿ ಹತ್ರವೇ ಮೀನ್ ಕೂಡುದ್" ಎಂದರು. ಮೇಲಿನ ನೀರು ಹೊರಗೆ ಹೋಗುತ್ತಿರುವಾಗಲೇ ಅಡಿಯ ನೀರು ಒಳಗೆ ಬರುವುದುಂಟು ಎಂಬುದನ್ನೂ, ಬಲೆಯ ಅಡಿಭಾಗ ಬೇರೆ ದಿಕ್ಕಿಗೆ ಎಳೆಯುವುದನ್ನೂ ಕೈಯಲ್ಲೇ ತೋರಿಸಿ ಹೇಳಿದರು. ಪುಸ್ತಕದಲ್ಲಿ ಇರುವುದೂ ಅದೇ. ಹೊರಗೆ ಓಡುವ ಸಿಹಿನೀರು ತನ್ನ ಅಡಿಯಿಂದ ಉಪ್ಪುನೀರನ್ನು ಸುಳಿಗಳಲ್ಲಿ ಎಳೆದುಕೊಳ್ಳುತ್ತ ಹೋಗುತ್ತದೆ. ಹಾಗೆ ಹೋದ ಉಪ್ಪುನೀರಿನ ಜಾಗ ತುಂಬಲು ಕಡಲು ಅಡಿಯಲ್ಲಿ ಹೊಳೆಯೊಳಗೆ ಬರುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಈ ಉಪ್ಪಿನ ನಾಲಿಗೆ ಮೈಲುಗಟ್ಟಲೆ ಒಳಗೆ ಬಂದು ಬಾವಿ, ಗದ್ದೆ ಕೆಡಿಸುತ್ತದೆ. ಈ ಕರಾವಳಿಯಲ್ಲಿ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಲು ತಡವಾದರೆ ಗಲಾಟೆಯೇಳುವುದು ಸುಮ್ಮನೆ ಅಲ್ಲ.

ಮಳೆಗಾಲದಲ್ಲಿ ಪ್ಲೂಮ್ ಇದಕ್ಕಿಂತ ಬಹಳ ದೊಡ್ಡದು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ನಾಡದೋಣಿಯವರು ಮಾತ್ರ ಅದನ್ನು ಹತ್ತಿರದಿಂದ ಕಾಣುತ್ತಾರೆ. ಭೂಮಿ ತಿರುಗುವುದರಿಂದ ಉತ್ತರಾರ್ಧ ಗೋಳದಲ್ಲಿ ನದಿಯ ನೀರು ಬಲಕ್ಕೆ ತಿರುಗಬೇಕು, ಎಂದರೆ ನಮ್ಮ ಕರಾವಳಿಯಲ್ಲಿ ಉತ್ತರಕ್ಕೆ, ಎಂಬುದು ಪಾಠ. ನಮ್ಮ ಅಕ್ಷಾಂಶ ಹದಿಮೂರೂವರೆ ಡಿಗ್ರಿ ಮಾತ್ರ. ಇಲ್ಲಿ ಆ ತಿರುವು ಕಾಣಿಸಿಕೊಳ್ಳಲು ಹತ್ತಿಪ್ಪತ್ತು ಕಿಲೋಮೀಟರ್ ಹರವು ಬೇಕು. ನಮ್ಮ ಹೊಳೆಗಳು ಅಷ್ಟು ದೂರ ಮುಟ್ಟುವ ಮೊದಲೇ ಮುಂಗಾರಿನಲ್ಲಿ ದಕ್ಷಿಣಕ್ಕೆ ಹರಿಯುವ ತೀರದ ಪ್ರವಾಹ ಮತ್ತು ಅಲೆಗಳು ಅವನ್ನು ಹಿಡಿದು ಎಳೆಯುತ್ತವೆ. ದಕ್ಷಿಣದಲ್ಲಿ ಕೋಡಿ ಬೆಂಗ್ರೆಯ ಹತ್ತಿರ ಸೀತಾ, ಸ್ವರ್ಣಾ ಕೂಡಿ ಕಡಲು ಸೇರುವಲ್ಲಿಯೂ ಇದೇ ಕಥೆ.

ಅಳಿವೆಯಾಚೆಯ ಗಂಗೊಳ್ಳಿಗೆ ದೋಣಿಯಲ್ಲಾದರೆ ಕೂಗಳತೆ, ರಸ್ತೆಯಲ್ಲಿ ಸುತ್ತಿ ಬರಬೇಕು. 2023ರ ನವೆಂಬರಿನಲ್ಲಿ, ದೀಪಾವಳಿಯ ಸಮಯದಲ್ಲೇ, ಇಲ್ಲಿ ನಿಲ್ಲಿಸಿದ್ದ ಹಲವು ದೋಣಿಗಳು ಬೆಂಕಿಗೆ ಆಹುತಿಯಾದವು. ದೋಣಿಗಳು ಒತ್ತಾಗಿ ನಿಂತಿರುವ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಬೆಂಕಿ ಎದ್ದರೆ ಏನಾಗುತ್ತದೆ? ಎರಡು ಕಂಬಗಳೂ ನಡುವಿನ ಅದೇ ಗಾಳಿಗೆ ಬಾಯಿ ಹಾಕುತ್ತವೆ. ಹೊರಬದಿಯಿಂದ ಗಾಳಿ ಧಾರಾಳವಾಗಿ ಬರುತ್ತದೆ, ನಡುವೆ ಕೊರತೆ. ಹೀಗಾಗಿ ಜ್ವಾಲೆಗಳು ಒಂದರತ್ತ ಒಂದು ಬಾಗಿ ಮೇಲೆ ಕೂಡಿಕೊಳ್ಳುತ್ತವೆ. ಕೂಡಿದ ಕಂಬದ ಅಂಚು ಒಟ್ಟಾರೆ ಕಡಿಮೆ, ಆದ್ದರಿಂದ ಅದು ಬೇಗ ತಣಿಯದೆ ಇನ್ನೂ ಎತ್ತರ ಏರುತ್ತದೆ. ದೋಣಿ ಕಟ್ಟುವ ಜಾಗದಲ್ಲಿ ಸಾಲುಗಳ ನಡುವೆ ಅಂತರ ಬಿಡಬೇಕೆಂಬ ಮಾತಿಗೆ ಅಗ್ನಿಶಾಮಕ ವಾಹನ ನುಗ್ಗಬೇಕೆನ್ನುವುದು ಒಂದು ಕಾರಣ, ಇದು ಇನ್ನೊಂದು. ಮೀನುಗಾರರಿಗೆ ಜಾಗವೇ ಇಲ್ಲದಿರುವಾಗ ಅಂತರದ ಉಪದೇಶ ಸುಲಭವಲ್ಲ ಎಂಬುದೂ ನಿಜ.

ಮರವಂತೆಗೆ ಬರುವಾಗ ಹನ್ನೊಂದು ಗಂಟೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಯುವ ಜಾಗ. ಕಡಲಗಾಳಿ ಶುರುವಾಗಿದೆ. ಹೊಳೆಯಾಚೆ ಯಾರೋ ತರಗೆಲೆ ಸುಡುತ್ತಿದ್ದಾರೆ, ಹೊಗೆ ಪೂರ್ವಕ್ಕೆ ಬಾಗಿ ಓಡುತ್ತಿದೆ. ಗಾಳಿ ಬೀಸುವಾಗ ಹೊಗೆ ಎರಡು ಕಡೆಯಿಂದ ತಣಿಯುತ್ತದೆ, ತನ್ನ ಏರಿಕೆಯ ಸುಳಿಗಳಿಂದ ಮತ್ತು ಅಡ್ಡಗಾಳಿಯಿಂದ. ಕರಾವಳಿಗೆ ಇನ್ನೊಂದು ವಿಶೇಷವುಂಟು. ಕಡಲ ಮೇಲಿಂದ ಬರುವ ಗಾಳಿ ತಣ್ಣಗೆ, ಪದರ ಕದಡದೆ ಬರುತ್ತದೆ. ಕಾದ ನೆಲದ ಮೇಲೆ ಒಳನಾಡಿಗೆ ಸಾಗಿದಂತೆ ಅಡಿಯಿಂದ ಕದಡುತ್ತ, ಕದಡಿದ ಭಾಗ ದಪ್ಪವಾಗುತ್ತ ಹೋಗುತ್ತದೆ. ತೀರದ ಎತ್ತರದ ಚಿಮಣಿಯ ಹೊಗೆ ಮೊದಲು ಶಾಂತ ಪದರದಲ್ಲಿ ತೆಳುವಾದ ಪಟ್ಟಿಯಾಗಿ ಸಾಗಿ, ಕೆಲವು ಕಿಲೋಮೀಟರ್ ಆಚೆ ಕದಡಿದ ಗಾಳಿಗೆ ಸಿಕ್ಕಿ ನೆಲಕ್ಕೆ ಬರುತ್ತದೆ. 500 ಮೆಗಾವ್ಯಾಟ್ ಮತ್ತು ಅದಕ್ಕೂ ಮೇಲಿನ ಕಲ್ಲಿದ್ದಲು ಘಟಕಕ್ಕೆ 275 ಮೀಟರ್ ಚಿಮಣಿ ಎಂಬ ನಿಯಮ ಬಂದದ್ದು ಹೊಗೆ ಸಾಕಷ್ಟು ತೆಳುವಾಗಲಿ ಎಂದು. ಉಡುಪಿ ಜಿಲ್ಲೆಯ ದಕ್ಷಿಣ ತುದಿಯ ಎಲ್ಲೂರಿನಲ್ಲಿ 600 ಮೆಗಾವ್ಯಾಟಿನ ಎರಡು ಘಟಕಗಳಿವೆ. ಅಂಥ ಕಡೆ ಚಿಮಣಿಯ ಬುಡದಲ್ಲಿ ಗಾಳಿ ಅಳೆದು ಚೆನ್ನಾಗಿದೆ ಎಂದರೆ ಸಾಲದು, ಹೊಗೆ ಇಳಿಯುವ ಜಾಗ ಹುಡುಕಿ ಅಲ್ಲಿ ಅಳೆಯಬೇಕು. ಹೊಗೆ ತೆಳುವಾಗುವುದು ಬೇರೆ, ಇಲ್ಲವಾಗುವುದು ಬೇರೆ.

ಮರವಂತೆಯಿಂದ ಮುಂದೆ ಬೈಂದೂರು. ಊರಿನಾಚೆ ಒತ್ತಿನೆಣೆಯ ಗುಡ್ಡ, ಹೆದ್ದಾರಿ ಅಗಲಿಸಲು ಕಡಿದ ಗಾಯ ಇನ್ನೂ ಕೆಂಪಗಿದೆ. ಮೇಲಿನ ಕ್ಷಿತಿಜ ನೇಸರ ಧಾಮದಿಂದ ಪಶ್ಚಿಮಕ್ಕೆ ಸೋಮೇಶ್ವರದ ಕಡಲು. ಬರುವವರೆಲ್ಲ ಆ ಕಡೆಗೇ ಮುಖ ಮಾಡಿ ಸೂರ್ಯಾಸ್ತಕ್ಕೆ ಕಾಯುತ್ತಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ಬಂದವರು ಬೆನ್ನು ತಿರುಗಿಸಿ ಪೂರ್ವಕ್ಕೆ ನೋಡಬೇಕು. 1343 ಮೀಟರ್ ಎತ್ತರದ ಕೊಡಚಾದ್ರಿಯ ಸಾಲಿನ ಮೇಲೆ ಹೂಕೋಸಿನಂಥ ಮೋಡಗಳು ಎದ್ದಿರುತ್ತವೆ. ಬೆಳಗಿನ ಹೊಗೆ ಇಪ್ಪತ್ನಾಲ್ಕು ಮೀಟರಿಗೆ ನಿಂತಿತ್ತು. ಇವು ಕಿಲೋಮೀಟರುಗಟ್ಟಲೆ ಏರುತ್ತಿವೆ. ಅಂಚಿನ ಸುಳಿಗಳು ಅವೇ, ಸುತ್ತಲ ಗಾಳಿಯನ್ನು ಎಳೆದುಕೊಳ್ಳುವುದೂ ಅದೇ ರೀತಿ. ಆದರೂ ಇವು ಯಾಕೆ ತಣಿದು ನಿಲ್ಲುವುದಿಲ್ಲ?

ಮೋಡ ತನ್ನ ಒಲೆಯನ್ನು ಜೊತೆಗೇ ಹೊತ್ತೊಯ್ಯುತ್ತದೆ. ಒಂದು ಕಿಲೋ ಗಾಳಿಯಲ್ಲಿ ಒಂದು ಗ್ರಾಂ ಆವಿ ಹನಿಯಾದರೆ ಆ ಗಾಳಿ ಎರಡೂವರೆ ಡಿಗ್ರಿ ಬಿಸಿಯಾಗುತ್ತದೆ. ಅರ್ಧ ಡಿಗ್ರಿಯೂ ಉಳಿಯದ ಬಚ್ಚಲ ಹೊಗೆಯ ಪಕ್ಕದಲ್ಲಿ ಇದು ದೊಡ್ಡ ಆಸ್ತಿ. ಹೀಗೆ ದಾರಿಯಲ್ಲಿ ಬಿಸಿಯಾಗುವ ಪ್ಲೂಮ್ ಹೇಗೆ ವರ್ತಿಸುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಿದವರು ಬೆಂಗಳೂರಿನವರು. ರೊದ್ದಂ ನರಸಿಂಹ (1933–2020) ಮತ್ತು ಸಂಗಡಿಗರು ನೀರಿನ ತೊಟ್ಟಿಯಲ್ಲಿ, ವಿದ್ಯುತ್ ಹಾಯುವಂತೆ ಸ್ವಲ್ಪ ಆಮ್ಲ ಬೆರೆಸಿದ ನೀರಿನ ಧಾರೆಯನ್ನು ಬಿಟ್ಟು, ನಡುದಾರಿಯಲ್ಲಿ ಅದಕ್ಕೆ ಮಾತ್ರ ವಿದ್ಯುತ್ ಹಾಯಿಸಿ ಬಿಸಿ ಮಾಡಿದರು. ಸುತ್ತಲ ಶುದ್ಧ ನೀರು ಬಿಸಿಯಾಗುವುದಿಲ್ಲ, ಧಾರೆ ಆಗುತ್ತದೆ. ಜಿ.ಎಸ್. ಭಟ್ ಅವರೊಂದಿಗೆ 1996ರಲ್ಲಿ ಪ್ರಕಟವಾದ ಪ್ರಬಂಧ, ಆಮೇಲೆ 2011ರಲ್ಲಿ ಇನ್ನಷ್ಟು ಜನರೊಂದಿಗೆ ಬಂದದ್ದು, ಎರಡೂ ಇದೇ ಹಾದಿಯವು. ಬಿಸಿ ತಗುಲಿದಲ್ಲಿ ದೊಡ್ಡ ಸುಳಿಗಳ ರಚನೆ ಒಡೆಯುತ್ತದೆ, ಮಾಮೂಲಿ ಪ್ಲೂಮಿನ ಹಾಗೆ ಕೋನ ಹಿಡಿದು ಅಗಲಿಸುವುದು ತಪ್ಪುತ್ತದೆ, 1956ರ ಹತ್ತನೇ ಒಂದು ಪಾಲಿನ ನಿಯಮ ಅಲ್ಲಿ ಹಾಗೇ ನಡೆಯುವುದಿಲ್ಲ ಎಂದು ಅವರು ಕಂಡರು. ತೊಟ್ಟಿಯಲ್ಲಿ ಎದ್ದ ಬಣ್ಣದ ಧಾರೆಗಳು ನಿಜವಾದ ಮೋಡಗಳ ಬಗೆಬಗೆಯ ಆಕಾರಗಳನ್ನು ಹೋಲುತ್ತಿದ್ದವು. ನರಸಿಂಹ ಅವರ ತಂದೆ ಆರ್.ಎಲ್. ನರಸಿಂಹಯ್ಯ ಭೌತವಿಜ್ಞಾನದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರಲ್ಲಿ ಮೊದಲಿಗರ ಸಾಲಿನವರು ಎಂಬುದನ್ನು ಇಲ್ಲಿ ಹೇಳದೆ ಬಿಡಲು ಮನಸ್ಸಾಗುವುದಿಲ್ಲ.

ನಾಲ್ಕೂವರೆಗೆ ಕೊಡಚಾದ್ರಿಯ ಮೇಲೆ ಗುಡುಗು ಶುರುವಾಯಿತು, ಇತ್ತ ಕಡಲ ಮೇಲೆ ಬಿಸಿಲು. ಮಳೆ ಹನಿಯುವುದು ಘಟ್ಟದಲ್ಲಿ, ನೆರೆ ಬರುವುದು ಕೆಳಗಿನ ಹೊಳೆಗಳಲ್ಲಿ. ಆ ಮಳೆಯನ್ನು ಮೊದಲೇ ತಿಳಿಯಲೂ ಒಳಸೆಳೆತದ ಲೆಕ್ಕವೇ ಬೇಕು: ಮುಂಗಾರು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಲ್ಲಿ ಒಂದೊಂದು ಮೋಡವನ್ನೂ ಬಿಡಿಸಿ ಕಾಣುವಷ್ಟು ಸೂಕ್ಷ್ಮತೆ ಇಲ್ಲದಾಗ, ಮೋಡ ಎಷ್ಟು ಒಣಗಾಳಿ ಎಳೆದುಕೊಳ್ಳುತ್ತದೆ ಎಂಬ ಅಂಕಿಯನ್ನು ಅಂದಾಜಿನಿಂದ ತುಂಬಬೇಕಾಗುತ್ತದೆ. ಅದನ್ನು ತುಸು ಹೆಚ್ಚಿಸಿದರೆ ಮಾದರಿಯ ಮೋಡ ಅರ್ಧದಲ್ಲೇ ಒಣಗುತ್ತದೆ, ತುಸು ಕಡಿಮೆ ಮಾಡಿದರೆ ಬೇಗನೆ ಬೆಳೆದು ಸುರಿದುಬಿಡುತ್ತದೆ. ಆ ಅಂಕಿ ಎಷ್ಟಿರಬೇಕೆಂಬ ವಾದ ಇನ್ನೂ ಮುಗಿದಿಲ್ಲ.